ಎದ್ದರೆ ಏರುವ, ಕೂತರೆ ಇಳಿಯುವ ಸದ್ದು

1950ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಗ್ಲೆನ್ ಮಾರೋ ರೋಗಿಯೊಬ್ಬರ ಹೃದಯವನ್ನು ತೆರೆದರು. ಒಳಗೆ ಏನು ಸಿಗಬೇಕು ಎಂಬುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಎದೆಯ ಮೇಲೆ ಸ್ಟೆತೋಸ್ಕೋಪ್ ಇಟ್ಟಾಗ ಒರಟು ಸದ್ದು ಕೇಳಿಸಿತ್ತು. ರಕ್ತನಾಳದೊಳಗಿಂದ ತೆಳು ಕ್ಯಾತಿಟರ್ ಕಳಿಸಿ ಅಳೆದಾಗ ಎಡ ಹೃತ್ಕುಕ್ಷಿಯ ಒತ್ತಡ ಬಹಳ ಹೆಚ್ಚಾಗಿಯೂ, ಅಲ್ಲಿಂದ ಹೊರಡುವ ಮಹಾಪಧಮನಿಯ ಒತ್ತಡ ಕಡಿಮೆಯಾಗಿಯೂ ಕಂಡಿತ್ತು. ಹಾಗಿದ್ದಮೇಲೆ ರಕ್ತ ಹೊರಬರುವ ದಾರಿಯಲ್ಲಿ, ಬಹುಶಃ ಕವಾಟದ ಸ್ವಲ್ಪ ಕೆಳಗೆ, ಹುಟ್ಟಿನಿಂದಲೇ ಬಂದ ಒಂದು ಪೊರೆಯೋ ಬಳೆಯಂಥ ಅಡ್ಡಿಯೋ ಇರಬೇಕು. ಅದನ್ನು ಕತ್ತರಿಸಿದರೆ ಕೆಲಸ ಮುಗಿಯಿತು. ಮಾರೋ ಬೆರಳು ಹಾಕಿ ತಡಕಿದರು. ಏನೂ ಸಿಗಲಿಲ್ಲ. ದಾರಿ ಸಲೀಸಾಗಿತ್ತು.

ಎದೆಯನ್ನು ಹೊಲಿದು ಮುಚ್ಚಿದ ಮೇಲೆ ಮತ್ತೆ ಅಳೆದು ನೋಡಿದರೆ ಒತ್ತಡದ ಅಂತರ ಮೊದಲಿನ ಹಾಗೆಯೇ ಇತ್ತು. ಇನ್ನೊಬ್ಬ ರೋಗಿಯಲ್ಲೂ ಇದೇ ಕಥೆ. ಮಾರೋ ಅವರ ಜೊತೆಗಾರ ಯುಜೀನ್ ಬ್ರೌನ್‌ವಾಲ್ಡ್ ಆಗಿನ್ನೂ ಮೂವತ್ತು ತುಂಬದ ವೈದ್ಯ. ವಿಯೆನ್ನಾದಲ್ಲಿ ಹುಟ್ಟಿ, 1938ರಲ್ಲಿ ಹಿಟ್ಲರನ ಸೈನ್ಯ ಊರೊಳಗೆ ಬಂದಾಗ ಮನೆಯವರೊಂದಿಗೆ ತಪ್ಪಿಸಿಕೊಂಡು ಬಂದವರು. ಇಬ್ಬರೂ ಸೇರಿ 1959ರಲ್ಲಿ ಸರ್ಕ್ಯುಲೇಷನ್ ಪತ್ರಿಕೆಯಲ್ಲಿ ಈ ರೋಗಿಗಳ ವಿವರ ಪ್ರಕಟಿಸಿದರು. ಅಡ್ಡಿ ಇದೆ, ಆದರೆ ಅಡ್ಡಿಯಾಗಬಲ್ಲ ವಸ್ತುವೇ ಇಲ್ಲ ಎಂಬುದು ಅವರ ವರದಿಯ ಸಾರ.

ಒಗಟಿನ ಉತ್ತರ ಸರಳವಾದದ್ದು, ಆದರೆ ಹೊಳೆಯಲು ಸಮಯ ಹಿಡಿಯಿತು. ಶಸ್ತ್ರಚಿಕಿತ್ಸೆಗೆಂದು ನಿಲ್ಲಿಸಿದ ಹೃದಯ ಸಡಿಲವಾಗಿ ಬಿದ್ದಿರುತ್ತದೆ. ಈ ರೋಗಿಗಳ ಅಡ್ಡಿ ಹುಟ್ಟುವುದು ಹೃದಯ ಬಡಿಯುವಾಗ ಮಾತ್ರ. ಎರಡು ಕುಕ್ಷಿಗಳ ನಡುವಿನ ಗೋಡೆಯ ಸ್ನಾಯು ದಪ್ಪಗಾಗಿ, ಬಡಿತದ ಹೊತ್ತಿನಲ್ಲಿ ದಾರಿಯೊಳಕ್ಕೆ ಚಾಚಿಕೊಳ್ಳುತ್ತದೆ; ಪಕ್ಕದ ಮೈಟ್ರಲ್ ಕವಾಟದ ಎಸಳು ರಕ್ತದ ಸೆಳೆತಕ್ಕೆ ಸಿಕ್ಕಿ ಆ ಗೋಡೆಗೆ ಹೋಗಿ ಅಂಟುತ್ತದೆ. ಬಡಿತ ಮುಗಿದ ಕೂಡಲೇ ದಾರಿ ತೆರವಾಗುತ್ತದೆ. ಗಾಳಿ ಬೀಸಿದಾಗ ಮಾತ್ರ ಹಾಕಿಕೊಳ್ಳುವ ಬಾಗಿಲನ್ನು ಗಾಳಿಯಿಲ್ಲದ ದಿನ ಹೋಗಿ ಪರೀಕ್ಷಿಸಿದಂತಾಗಿತ್ತು ಬೆರಳಿನ ತಡಕಾಟ.

ಇದೇ ಗೊಂದಲಕ್ಕೆ ಲಂಡನ್ನಿನಲ್ಲೂ ಒಬ್ಬರು ಸಿಕ್ಕಿಬಿದ್ದಿದ್ದರು. ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ರಸೆಲ್ ಬ್ರಾಕ್ ಮಹಾಪಧಮನಿಯ ಕವಾಟ ಕಿರಿದಾಗಿದೆ ಎಂದುಕೊಂಡು ಕೈಹಾಕಿದ ರೋಗಿಯಲ್ಲಿ ಕವಾಟ ಸರಿಯಾಗಿಯೇ ಇತ್ತು. ಅದನ್ನು ಅವರು 1957ರಲ್ಲಿ ಬರೆದರು. ಅದರ ಮರುವರ್ಷ, ಅದೇ ಊರಿನ ಸೇಂಟ್ ಜಾರ್ಜ್ ಆಸ್ಪತ್ರೆಯಿಂದ ಡೊನಾಲ್ಡ್ ಟಿಯರ್ ಅವರ ಲೇಖನ ಬಂತು. ಇವರು ಜೀವಂತ ರೋಗಿಗಳನ್ನು ನೋಡುವ ವೈದ್ಯರಲ್ಲ, ಶವಪರೀಕ್ಷೆ ಮಾಡುವವರು. ಇಂಗ್ಲೆಂಡಿನ ಪೊಲೀಸ್ ಇಲಾಖೆ ಅನುಮಾನಾಸ್ಪದ ಸಾವುಗಳಿಗೆ ಕರೆಸುತ್ತಿದ್ದ ಬೆರಳೆಣಿಕೆಯ ತಜ್ಞರಲ್ಲಿ ಒಬ್ಬರು. ಮುಂದೆ 1970ರಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ ಶವಪರೀಕ್ಷೆ ಮಾಡಿದವರೂ, 1973ರಲ್ಲಿ ಬ್ರೂಸ್ ಲೀ ಸಾವಿನ ವಿಚಾರಣೆಗೆ ಹಾಂಗ್‌ಕಾಂಗಿಗೆ ಹೋಗಿ ಸಾಕ್ಷಿ ನುಡಿದವರೂ ಇವರೇ. ಅಂಥ ಸುದ್ದಿಗಳ ನಡುವೆ ಅವರ ಅತಿ ಮುಖ್ಯ ಕೆಲಸ ಮರೆಯಾಗಿ ಹೋಗಿದೆ.

ಟಿಯರ್ ಮೇಜಿಗೆ ಬರುತ್ತಿದ್ದವರಲ್ಲಿ ಕೆಲವು ಹದಿಹರೆಯದವರು ಮತ್ತು ಯುವಜನರು ಇದ್ದಕ್ಕಿದ್ದಂತೆ ಸತ್ತವರು. ವಿಷವಿಲ್ಲ, ಗಾಯವಿಲ್ಲ. ಹೃದಯವನ್ನು ಸೀಳಿ ನೋಡಿದರೆ ಗೋಡೆ ಒಂದೇ ಸಮನಾಗಿ ದಪ್ಪಗಿಲ್ಲ. ನಡುಗೋಡೆ ಮಾತ್ರ ಗಡ್ಡೆಯ ಹಾಗೆ ಉಬ್ಬಿದೆ. ಅದೊಂದು ಬಗೆಯ ಸ್ನಾಯುಗಡ್ಡೆ ಇರಬಹುದು ಎಂದೇ ಅವರು ಮೊದಲು ಯೋಚಿಸಿದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸ್ನಾಯುವಿನ ಎಳೆಗಳು ಸಾಲಾಗಿ ಮಲಗಿರಲಿಲ್ಲ, ಅಡ್ಡಾದಿಡ್ಡಿ ಹೆಣೆದುಕೊಂಡಿದ್ದವು. ಲಂಡನ್ನಿನ ಶವಾಗಾರದಲ್ಲಿ ಕಂಡ ಹೃದಯವೂ ಬೆಥೆಸ್ಡಾದಲ್ಲಿ ಬೆರಳಿಗೆ ಸಿಗದೆ ಜಾರಿದ ಅಡ್ಡಿಯೂ ಒಂದೇ ಕಾಯಿಲೆಯವು ಎಂಬುದು ಒಂದೆರಡು ವರ್ಷದಲ್ಲೇ ಸ್ಪಷ್ಟವಾಯಿತು. ಇಂದು ಅದನ್ನು ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಎನ್ನುತ್ತಾರೆ. ಅಧಿಕ ರಕ್ತದೊತ್ತಡದಂಥ ಹೊರಗಿನ ಕಾರಣವಿಲ್ಲದೆ ಹೃದಯದ ಸ್ನಾಯು ತಾನಾಗಿ ದಪ್ಪವಾಗುವ ರೋಗ.

ಹಾಗಾದರೆ ಅಲ್ಲಿಯವರೆಗೆ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲವೆ? ಬಿದ್ದಿತ್ತು. 1869ರಲ್ಲೇ ಪ್ಯಾರಿಸ್ಸಿನಲ್ಲಿ ಲಿಯೂವಿಲ್ ಮತ್ತು ಅಲೋಪೋ ಎಂಬ ಇಬ್ಬರು ವೈದ್ಯರು, ಕವಾಟ ಚೆನ್ನಾಗಿದ್ದು ಅದರ ಕೆಳಗಿನ ಸ್ನಾಯು ದಪ್ಪವಾಗಿ ದಾರಿ ಕಿರಿದಾದ ಹೃದಯಗಳನ್ನು ವರ್ಣಿಸಿದ್ದರು. 1907ರಲ್ಲಿ ಜರ್ಮನಿಯ ಶ್ಮಿಂಕೆ ಮತ್ತೆ ವರ್ಣಿಸಿದರು. ಯಾರೂ ಅದನ್ನು ಹಿಡಿದು ಮುಂದೆ ಹೋಗಲಿಲ್ಲ. ಶವದಲ್ಲಿ ಕಂಡದ್ದಕ್ಕೂ ಬದುಕಿರುವ ರೋಗಿಯ ಎದೆಯಲ್ಲಿ ಕೇಳಿಸುವುದಕ್ಕೂ ಕೊಂಡಿ ಬೀಳಲಿಲ್ಲ. ಕೊಂಡಿ ಬೀಳದ್ದಕ್ಕೆ ಕಾರಣ, ಹೃದಯದ ಸದ್ದನ್ನು ವೈದ್ಯರು ಓದಲು ಕಲಿತಿದ್ದ ಕ್ರಮದಲ್ಲೇ ಇತ್ತು.

ಆ ಕ್ರಮ ಶುರುವಾದದ್ದು 1816ರಲ್ಲಿ, ಪ್ಯಾರಿಸ್ಸಿನ ರೆನೆ ಲೆನೆಕ್ ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಒಬ್ಬ ಯುವತಿಯ ಎದೆಗಿಟ್ಟು ಕೇಳಿದಾಗ. 1819ರಲ್ಲಿ ಪ್ರಕಟವಾದ ಅವರ ಪುಸ್ತಕದ ವಿಧಾನ ಹೀಗಿತ್ತು: ಬದುಕಿರುವಾಗ ಕೇಳಿಸಿಕೊಂಡದ್ದನ್ನು ಬರೆದಿಡು, ಸತ್ತ ಮೇಲೆ ತೆರೆದು ನೋಡು, ಎರಡನ್ನೂ ಹೊಂದಿಸು. ಪ್ರತಿ ಸದ್ದಿಗೂ ದೇಹದೊಳಗೆ ಒಂದು ವಿಳಾಸ. ಹೃದಯದಲ್ಲಿ ಕೇಳುವ ಹೆಚ್ಚುವರಿ ಸದ್ದಿಗೆ ಅವರು ಕಮ್ಮಾರನ ತಿದಿಯ ಹೆಸರಿಟ್ಟರು. ಎದೆಯ ಮೇಲೆ ಕೈಯಿಟ್ಟಾಗ ಸಿಗುವ ಕಂಪನಕ್ಕೆ ಬೆಕ್ಕಿನ ಗುರುಗುಟ್ಟುವಿಕೆಯ ಹೆಸರು. ಇಂಗ್ಲಿಷಿನವರು ತಿದಿಯ ಸದ್ದನ್ನು 'ಮರ್ಮರ್' ಎಂದು ಕರೆದರು. ನಮ್ಮ ವೈದ್ಯಕೀಯ ಪುಸ್ತಕಗಳು 'ಮರ್ಮರ' ಎನ್ನುತ್ತವೆ. ಇದು ಇಂಗ್ಲಿಷಿನಿಂದ ಬಂದ ಪದವಲ್ಲ, ಬಟ್ಟೆ ಮತ್ತು ಎಲೆಗಳ ಸದ್ದಿಗೆ ಅಮರಕೋಶ ಕೊಡುವ ಹೆಸರು. ಎರಡೂ ಭಾಷೆಗಳು ಸದ್ದನ್ನೇ ಅಣಕಿಸಿ ಪದ ಮಾಡಿಕೊಂಡಿದ್ದರಿಂದ ಅನುವಾದಕರಿಗೆ ಅಪರೂಪಕ್ಕೆ ಸಿಕ್ಕ ಪುಕ್ಕಟೆ ಲಾಭ ಇದು.

ಲೆನೆಕ್ ನಂತರದವರು ಮರ್ಮರವನ್ನು ಬಿಗಿಯಾಗಿ ಕವಾಟಕ್ಕೆ ಕಟ್ಟಿಹಾಕಿದರು. ಇಂಥ ಜಾಗದಲ್ಲಿ, ಬಡಿತದ ಇಂಥ ಹೊತ್ತಿನಲ್ಲಿ ಕೇಳಿದರೆ ಇಂಥ ಕವಾಟ ಕೆಟ್ಟಿದೆ. ಈ ನಿಯಮ ಬಹಳಷ್ಟು ಸಲ ಸರಿಯೂ ಆಗಿತ್ತು, ಏಕೆಂದರೆ ಆ ಕಾಲದಲ್ಲಿ ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರು ಆಸ್ಪತ್ರೆಗಳ ತುಂಬ ಇದ್ದರು. ಲೆನೆಕ್ ಮಾತ್ರ ಅಷ್ಟು ಖಚಿತವಾಗಿ ಹೇಳಿರಲಿಲ್ಲ. ತಿದಿಯ ಸದ್ದು ಕೇಳಿದ ಕೆಲವರ ಹೃದಯವನ್ನು ತೆರೆದಾಗ ಅವರಿಗೆ ಯಾವ ದೋಷವೂ ಕಂಡಿರಲಿಲ್ಲ. ಹೀಗಾಗಿ ಸ್ನಾಯುವಿನ ಸೆಳೆತದಿಂದಲೂ ಅದು ಹುಟ್ಟಬಹುದು ಎಂದು ಬರೆದಿದ್ದರು. ಮುಂದಿನವರು ಇದನ್ನು ಅವರ ತಪ್ಪುಗಳ ಪಟ್ಟಿಗೆ ಸೇರಿಸಿದರು. ಒಟ್ಟಾರೆ ನೋಡಿದರೆ ತಪ್ಪೇ. ಆದರೆ ಸಾವಿನ ನಂತರ ಕುರುಹು ಉಳಿಸದೆ, ಸ್ನಾಯು ಬಿಗಿಯುವ ಕ್ಷಣದಲ್ಲಿ ಮಾತ್ರ ಹುಟ್ಟುವ ಮರ್ಮರವೊಂದು ನಿಜವಾಗಿಯೂ ಇದೆ ಎಂದು ತಿಳಿಯಲು 130 ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಸಾಮಾನ್ಯವಾಗಿ ವೈದ್ಯಕೀಯ ಇತಿಹಾಸವನ್ನು ಹೇಳುವಾಗ ಮೊದಲು ಕಿವಿ ಮತ್ತು ಕೈ, ಆಮೇಲೆ ಯಂತ್ರ ಎಂಬ ಕ್ರಮ ಇರುತ್ತದೆ. ಹಳಬರು ಕೈಯಲ್ಲೇ ಎಲ್ಲವನ್ನೂ ಹಿಡಿಯುತ್ತಿದ್ದರು, ಯಂತ್ರ ಬಂದು ಆ ವಿದ್ಯೆ ಹಾಳಾಯಿತು ಎಂಬ ಕೊರಗೂ ಜೊತೆಗಿರುತ್ತದೆ. ಈ ಕಾಯಿಲೆಯ ವಿಷಯದಲ್ಲಿ ಆ ಕ್ರಮ ತಲೆಕೆಳಗು. ಕ್ಯಾತಿಟರ್ ತೋರಿಸಿಕೊಟ್ಟ ಮೇಲೆ ಕಿವಿ ಕಲಿಯಿತು. 1960ರ ದಶಕದಲ್ಲಿ ಬೆಥೆಸ್ಡಾ, ಲಂಡನ್, ಟೊರಾಂಟೊಗಳಲ್ಲಿ ಒಂದು ಕೈಯಲ್ಲಿ ಒತ್ತಡದ ಗೆರೆಗಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ರೋಗಿಯ ನಾಡಿ ಹಿಡಿದವರು ಹಾಸಿಗೆಯ ಪಕ್ಕದ ಪರೀಕ್ಷೆಯನ್ನು ಹೊಸದಾಗಿ ಕಟ್ಟಿದರು.

ನಾಡಿಯಿಂದಲೇ ವ್ಯತ್ಯಾಸ ಶುರು. ಮಹಾಪಧಮನಿಯ ಕವಾಟವೇ ಕಿರಿದಾಗಿದ್ದರೆ ನಾಡಿ ಸಣ್ಣಗೆ, ನಿಧಾನವಾಗಿ, ಬೆರಳಿನಡಿ ತೆವಳುವಂತೆ ಏರುತ್ತದೆ. ಸ್ನಾಯು ದಪ್ಪಗಾದ ಹೃದಯ ಹಾಗಲ್ಲ. ಬಡಿತದ ಆರಂಭದಲ್ಲಿ ದಾರಿ ಇನ್ನೂ ತೆರೆದೇ ಇರುವುದರಿಂದ ರಕ್ತ ರಭಸದಿಂದ ನುಗ್ಗುತ್ತದೆ. ನಾಡಿ ಗಕ್ಕನೆ ಬೆರಳಿಗೆ ತಟ್ಟುತ್ತದೆ. ಅರ್ಧ ದಾರಿಯಲ್ಲಿ ಎಸಳು ಹೋಗಿ ಗೋಡೆಗೆ ಅಂಟಿ ಹರಿವು ತಗ್ಗುತ್ತದೆ. ಆಮೇಲೆ ಮತ್ತೊಂದು ಸಣ್ಣ ಅಲೆ. ಕುತ್ತಿಗೆಯ ನಾಡಿಯನ್ನು ಯಂತ್ರದಲ್ಲಿ ಬರೆಸಿದರೆ ಮೊದಲೊಂದು ಚೂಪು ಮೊನೆ, ಹಿಂದೆಯೇ ಒಂದು ಗುಮ್ಮಟ ಕಾಣುತ್ತದೆ. ಬೆರಳಿಗೆ ಈ ಎರಡನೆಯ ಅಲೆ ಎಲ್ಲ ರೋಗಿಗಳಲ್ಲೂ ಸಿಗುವುದಿಲ್ಲ, ಸಿಗುವುದು ಆ ಮೊದಲ ಗಕ್ಕು. ಎರಡೂ ಕಾಯಿಲೆಗಳಲ್ಲಿ ಮರ್ಮರ ಸುಮಾರು ಒಂದೇ ಹೊತ್ತಿನಲ್ಲಿ ಕೇಳಿಸುವುದರಿಂದ, ಸ್ಟೆತೋಸ್ಕೋಪ್ ಇಡುವ ಮೊದಲೇ ನಾಡಿ ಎರಡನ್ನೂ ಬೇರೆಬೇರೆ ಮಾಡಿ ಕೊಟ್ಟುಬಿಡುತ್ತಿತ್ತು.

ಎದೆಯ ಎಡಭಾಗದಲ್ಲಿ, ಹೃದಯದ ತುದಿ ತಟ್ಟುವ ಜಾಗದಲ್ಲಿ ಅಂಗೈ ಇಟ್ಟರೆ ಇನ್ನೊಂದು ವಿಚಿತ್ರ. ದಪ್ಪ ಗೋಡೆ ಬಿರುಸಾಗಿ, ಸುಲಭಕ್ಕೆ ಹಿಗ್ಗದಂತೆ ಇರುವುದರಿಂದ ಮೇಲಿನ ಹೃತ್ಕರ್ಣ ಮೈಯೆಲ್ಲ ಬಲ ಹಾಕಿ ರಕ್ತವನ್ನು ಅದರೊಳಕ್ಕೆ ತಳ್ಳಬೇಕು. ಆ ತಳ್ಳು ಮುಖ್ಯ ಬಡಿತಕ್ಕೆ ಸ್ವಲ್ಪ ಮೊದಲು ಅಂಗೈಗೆ ತಾಗುತ್ತದೆ, ಕಿವಿಗೆ ನಾಲ್ಕನೆಯ ಹೃದಯಧ್ವನಿಯಾಗಿ ಕೇಳುತ್ತದೆ. ಹಿಂದೆಯೇ ಬಡಿತ. ಕೆಲವರಲ್ಲಿ ನಾಡಿಯ ಹಾಗೆ ಬಡಿತವೂ ಎರಡಾಗಿ ಒಡೆದು, ಒಂದೇ ಸುತ್ತಿನಲ್ಲಿ ಮೂರು ತಟ್ಟು ಸಿಗುತ್ತವೆ. ಅಪರೂಪ, ಆದರೆ ಸಿಕ್ಕರೆ ಬೇರೆ ಪುರಾವೆ ಬೇಕಿಲ್ಲ.

ನಿಜವಾದ ಚಮತ್ಕಾರ ಇದ್ದದ್ದು ಮರ್ಮರದಲ್ಲಿ. ಎದೆಮೂಳೆಯ ಎಡ ಅಂಚಿನ ಕೆಳಭಾಗದಲ್ಲಿ ಜೋರಾಗಿ ಕೇಳುವ, ಏರಿ ಇಳಿಯುವ, ಕುತ್ತಿಗೆಯತ್ತ ಅಷ್ಟಾಗಿ ಹರಡದ ಈ ಸದ್ದು ಒಂದೇ ದಿನದಲ್ಲಿ, ಒಂದೇ ನಿಮಿಷದಲ್ಲಿ ಕೂಡ ಬೇರೆಬೇರೆಯಾಗಿರುತ್ತಿತ್ತು. ಕಾರಣ ಕುಕ್ಷಿಯ ಗಾತ್ರ. ಒಳಗೆ ರಕ್ತ ಹೆಚ್ಚಿದ್ದರೆ ಗೋಡೆಗೂ ಎಸಳಿಗೂ ನಡುವೆ ಅಂತರ ಹೆಚ್ಚು, ಅಡ್ಡಿ ಕಡಿಮೆ, ಸದ್ದು ಮೆತ್ತಗೆ. ರಕ್ತ ಕಡಿಮೆಯಾದರೆ ಕುಕ್ಷಿ ಕುಗ್ಗಿ ಎರಡೂ ಹತ್ತಿರ ಬರುತ್ತವೆ, ಅಡ್ಡಿ ಹೆಚ್ಚು, ಸದ್ದು ಜೋರು. ಕವಾಟ ಕಿರಿದಾದವರಲ್ಲಿ ಇದಕ್ಕೆ ತದ್ವಿರುದ್ಧ: ಹೋಗುವ ರಕ್ತ ಕಡಿಮೆಯಾದರೆ ಸದ್ದೂ ಕಡಿಮೆ. ಹಾಗಾಗಿ ರೋಗಿಯ ಹೃದಯಕ್ಕೆ ಮರಳುವ ರಕ್ತವನ್ನು ಒಂದಿಷ್ಟು ಹೊತ್ತು ತಗ್ಗಿಸಿ ಕಿವಿಗೊಟ್ಟರೆ ಸಾಕು, ಎರಡು ಕಾಯಿಲೆಗಳು ತಾವಾಗಿಯೇ ಬೇರೆಯಾಗುತ್ತವೆ.

ರಕ್ತವನ್ನು ತಗ್ಗಿಸುವುದಕ್ಕೆ ಒಂದು ಹಳೆಯ ಉಪಾಯ ಕಾದು ಕೂತಿತ್ತು. ಇಟಲಿಯ ಬೊಲೋನ್ಯಾದ ಅಂತೋನಿಯೋ ವಾಲ್ಸಾಲ್ವಾ 1704ರಲ್ಲಿ ಕಿವಿಯ ಬಗ್ಗೆ ಪುಸ್ತಕ ಬರೆದರು. ಬಾಯಿ ಮೂಗು ಮುಚ್ಚಿಕೊಂಡು ಬಲವಾಗಿ ಉಸಿರು ದಬ್ಬಿದರೆ ನಡುಗಿವಿಗೆ ಗಾಳಿ ನುಗ್ಗುತ್ತದೆ, ಒಳಗಿನ ಕೀವು ಹೊರಬರುತ್ತದೆ ಎಂಬುದು ಅವರ ಸಲಹೆ. ವಿಮಾನ ಇಳಿಯುವಾಗ ಕಿವಿ ಕಟ್ಟಿದವರು ಇಂದಿಗೂ ಮಾಡುವುದು ಅದನ್ನೇ. ಹಾಗೆ ತಿಣುಕುವಾಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಹೆಚ್ಚಿನ ಮರ್ಮರಗಳು ಆಗ ಕ್ಷೀಣಿಸುತ್ತವೆ. ಸ್ನಾಯುರೋಗದ ಮರ್ಮರ ಮಾತ್ರ ಏರುತ್ತದೆ. 1964ರಲ್ಲಿ ಬ್ರೌನ್‌ವಾಲ್ಡ್ ತಂಡ ವಾಲ್ಸಾಲ್ವಾ ತಿಣುಕು ಮತ್ತು ನೈಟ್ರೋಗ್ಲಿಸರಿನ್ ಎರಡಕ್ಕೂ ಈ ಹೃದಯಗಳು ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದನ್ನು ಅಳೆದು ಪ್ರಕಟಿಸಿತು. ಹೆಸರು ಉಳಿದದ್ದು ಕಿವಿಯ ವೈದ್ಯರದು, ಉಪಯೋಗ ಹೃದಯದ ವೈದ್ಯರಿಗೆ.

ಇದಕ್ಕಿಂತ ಸೊಗಸಾದದ್ದು ಕುಕ್ಕರುಗಾಲಿನ ಪರೀಕ್ಷೆ. ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಗ್ರೂಟೆ ಶೂರ್ ಆಸ್ಪತ್ರೆಯಿಂದ ನೆಲ್ಲೆನ್, ಗಾಟ್ಸ್‌ಮನ್, ಶ್ರಿಯರ್ ಮೊದಲಾದವರು 1967ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದನ್ನು ವಿವರಿಸಿದರು. ಅದೇ ಆಸ್ಪತ್ರೆಯಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದ್ದರಿಂದ ಉಳಿದ ಕೆಲಸಗಳು ಅದರ ಗದ್ದಲದಲ್ಲಿ ಮುಚ್ಚಿಹೋದವು. ನಿಂತ ರೋಗಿ ತಟ್ಟನೆ ಕುಕ್ಕರುಗಾಲಲ್ಲಿ ಕೂತರೆ ಕಾಲುಗಳ ರಕ್ತ ಹೃದಯದ ಕಡೆ ಬರುತ್ತದೆ, ಮಡಚಿದ ನಾಳಗಳಿಂದ ಎದುರೊತ್ತಡವೂ ಏರುತ್ತದೆ. ಕುಕ್ಷಿ ಹಿಗ್ಗುತ್ತದೆ, ಮರ್ಮರ ಇಳಿಯುತ್ತದೆ, ಕೆಲವೊಮ್ಮೆ ಪೂರ್ತಿ ಮಾಯ. ಮತ್ತೆ ಎದ್ದು ನಿಂತರೆ ಕೆಲವೇ ಬಡಿತಗಳಲ್ಲಿ ಅದು ಮೊದಲಿಗಿಂತ ಜೋರಾಗಿ ಹಿಂತಿರುಗುತ್ತದೆ. ವೈದ್ಯರು ಕುರ್ಚಿಯಲ್ಲಿ ಕೂತು, ಸ್ಟೆತೋಸ್ಕೋಪನ್ನು ರೋಗಿಯ ಎದೆಯಿಂದ ತೆಗೆಯದೆ, ಅವರೊಂದಿಗೇ ಕೈಯನ್ನು ಮೇಲೆ ಕೆಳಗೆ ಒಯ್ಯಬೇಕು. ಕುಕ್ಕರುಗಾಲು ಬಾರದ ಯುರೋಪಿನ ವಯಸ್ಸಾದವರಿಗೆ ಇದನ್ನು ಮಾಡಿಸುವುದು ತುಸು ಕಷ್ಟ. ನಮ್ಮ ಹಳ್ಳಿಯ ಅಜ್ಜನಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯ ಗುರುತು ರೋಗಿಯಿಂದ ಏನನ್ನೂ ಕೇಳುವುದಿಲ್ಲ. ಹೃದಯ ನಡುವೆ ಒಂದು ಹೆಚ್ಚುವರಿ ಬಡಿತ ಹಾಕಿದರೆ, ಅದರ ನಂತರದ ಬಡಿತ ಬಲವಾಗಿರುತ್ತದೆ. ಎಲ್ಲರ ನಾಡಿಯೂ ಆಗ ದೊಡ್ಡದಾಗುತ್ತದೆ. ಈ ರೋಗಿಗಳಲ್ಲಿ ಬಲವಾದ ಬಡಿತವೇ ಅಡ್ಡಿಯನ್ನು ಹೆಚ್ಚಿಸುವುದರಿಂದ ನಾಡಿ ದೊಡ್ಡದಾಗುವುದಿಲ್ಲ, ಎಷ್ಟೋ ಸಲ ಸಣ್ಣದಾಗುತ್ತದೆ. 1961ರಲ್ಲಿ ಬ್ರಾಕೆನ್‌ಬರೋ, ಬ್ರೌನ್‌ವಾಲ್ಡ್, ಮಾರೋ ಇದನ್ನು ದಾಖಲಿಸಿದರು.

ಇವೆಲ್ಲ ಕೇವಲ ಚತುರ ಆಟಗಳಾಗಿರಲಿಲ್ಲ. ಕಾಯಿಲೆಯನ್ನು ತಪ್ಪಾಗಿ ಗುರುತಿಸಿದರೆ ಔಷಧವೇ ಮುಳುವಾಗುತ್ತಿತ್ತು. ಎದೆನೋವು ಎಂದು ಬಂದವರಿಗೆ ನಾಲಿಗೆಯಡಿ ನೈಟ್ರೋಗ್ಲಿಸರಿನ್ ಕೊಟ್ಟರೆ ರಕ್ತನಾಳಗಳು ಹಿಗ್ಗಿ ಹೃದಯಕ್ಕೆ ಬರುವ ರಕ್ತ ತಗ್ಗುತ್ತದೆ, ಅಡ್ಡಿ ಏರುತ್ತದೆ, ರೋಗಿ ತಲೆಸುತ್ತಿ ಬೀಳಬಹುದು. ಉಸಿರು ಕಟ್ಟುತ್ತದೆ ಎಂದವರಿಗೆ ಹೃದಯ ಬಲವಾಗಲಿ ಎಂದು ಡಿಜಿಟಾಲಿಸ್ ಕೊಟ್ಟರೆ ಅದೂ ಅಡ್ಡಿಯನ್ನೇ ಹೆಚ್ಚಿಸುತ್ತದೆ. ಬೇರೆ ಹೃದ್ರೋಗಿಗಳನ್ನು ಉಳಿಸುತ್ತಿದ್ದ ಎರಡು ಹಳೆಯ ಮದ್ದುಗಳು ಇಲ್ಲಿ ವಿಷದಂತೆ ವರ್ತಿಸುತ್ತಿದ್ದವು. ಬೇಕಾದದ್ದು ಹೃದಯವನ್ನು ಸ್ವಲ್ಪ ಮೆತ್ತಗೆ, ನಿಧಾನವಾಗಿ ಬಡಿಯುವಂತೆ ಮಾಡುವ ಬೀಟಾ ತಡೆ ಮಾತ್ರೆಗಳು. ಅವು ಅದೇ ದಶಕದಲ್ಲಿ ಬಳಕೆಗೆ ಬರುತ್ತಿದ್ದವು. ಎದ್ದು ಕೂತು ಕೇಳಿಸಿಕೊಳ್ಳುವ ಎರಡು ನಿಮಿಷ ಯಾವ ಚೀಟಿ ಬರೆಯಬೇಕು ಎಂಬುದನ್ನು ನಿರ್ಧರಿಸುತ್ತಿತ್ತು.

ಹೃದಯಸ್ನಾಯುವಿನ ಉಳಿದ ಕಾಯಿಲೆಗಳಿಗೆ ಇಷ್ಟು ನಾಟಕವಿಲ್ಲ, ಅವುಗಳ ಗುರುತುಗಳೂ ಹಳೆಯವು. ಸ್ನಾಯು ಸೋತು ಕುಕ್ಷಿ ಜೋಲುಬಿದ್ದ ಹೃದಯದಲ್ಲಿ ಬಡಿತದ ತುದಿ ಕಂಕುಳಿನತ್ತ ಸರಿಯುತ್ತದೆ. ಮೂರನೆಯ ಧ್ವನಿ ಸೇರಿ ಕುದುರೆಯ ನಾಗಾಲೋಟದಂಥ ಲಯ ಕೇಳುತ್ತದೆ. ಆ ಹೆಸರು ಬೂಯೋ ಅವರದು, ಅದನ್ನು ವಿವರವಾಗಿ ಬರೆದವರು ಅವರ ಶಿಷ್ಯ ಪೋತೇನ್. ಒಂದು ಬಡಿತ ಬಲವಾಗಿ ಮುಂದಿನದು ಕ್ಷೀಣವಾಗಿ ಸರದಿಯಂತೆ ಬರುವ ನಾಡಿಯನ್ನು ಬರ್ಲಿನ್ನಿನ ಟ್ರೌಬೆ 1872ರಲ್ಲಿ ಗುರುತಿಸಿದರು. ಹೃದಯ ಗಡುಸಾಗಿ ರಕ್ತ ಒಳಬರಲು ಜಾಗ ಕೊಡದಿದ್ದಾಗ, ಉಸಿರೆಳೆದುಕೊಂಡರೆ ಇಳಿಯಬೇಕಾದ ಕುತ್ತಿಗೆಯ ಅಭಿಧಮನಿ ಉಬ್ಬುತ್ತದೆ. ಕುಸ್ಮಾಲ್ 1873ರಲ್ಲಿ ಬರೆದದ್ದು ಹೃದಯದ ಹೊರಪೊರೆ ಬಿಗಿದವರ ಬಗ್ಗೆ. ಗಡುಸು ಸ್ನಾಯುವಿನವರಲ್ಲೂ ಅದು ಕಾಣುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಸ್ನಾಯುವೇ ಮೂಲವಾದ ರೋಗಗಳಿಗೆಲ್ಲ 'ಕಾರ್ಡಿಯೊಮಯೋಪತಿ' ಎಂಬ ಒಂದು ಕೊಡೆ ಸಿಕ್ಕಿದ್ದು ಮಾತ್ರ ತಡವಾಗಿ, 1957ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಲಿಯಂ ಬ್ರಿಗ್ಡನ್ ಅವರ ಲೇಖನದಿಂದ.

ಹೆಸರುಗಳ ವಿಷಯ ಬಂದಮೇಲೆ ಅದನ್ನು ಬಿಡುವಂತಿಲ್ಲ. ದಪ್ಪ ನಡುಗೋಡೆಯ ಈ ಒಂದೇ ಕಾಯಿಲೆಗೆ ವೈದ್ಯಕೀಯ ಸಾಹಿತ್ಯದಲ್ಲಿ 75ಕ್ಕೂ ಹೆಚ್ಚು ಹೆಸರುಗಳು ಬಳಕೆಯಾಗಿವೆ. ಬೆಥೆಸ್ಡಾದವರಿಗೆ ಅದು ಕಾರಣ ತಿಳಿಯದ, ಕವಾಟದ ಕೆಳಗಿನ ಕಿರಿದಾಗುವಿಕೆ. ಟೊರಾಂಟೊದ ಡಗ್ಲಾಸ್ ವಿಗಲ್ ಅವರಿಗೆ ಸ್ನಾಯುವಿನ ಕಿರಿದಾಗುವಿಕೆ. ಲಂಡನ್ನಿನ ಜಾನ್ ಗುಡ್‌ವಿನ್ ಅವರಿಗೆ ಅಡ್ಡಿಯುಳ್ಳ ಕಾರ್ಡಿಯೊಮಯೋಪತಿ. ಪ್ರತಿ ಊರಿನವರೂ ತಮಗೆ ಮೊದಲು ಕಂಡ ಮುಖವನ್ನೇ ಹೆಸರಾಗಿಸಿದರು. ಹೆಚ್ಚಿನ ಹೆಸರುಗಳಲ್ಲಿ 'ಅಡ್ಡಿ' ಅಥವಾ 'ಕಿರಿದು' ಎಂಬ ಮಾತು ಇತ್ತು, ಅಡ್ಡಿ ಎಂದರೆ ಮರ್ಮರ. ಹಾಗಾಗಿ ಮರ್ಮರವಿಲ್ಲದವರಿಗೆ ಈ ಕಾಯಿಲೆ ಇಲ್ಲ ಎಂದು ಹೆಸರೇ ಹೇಳಿಬಿಡುತ್ತಿತ್ತು. ಅಡ್ಡಿ ಎಂಬುದೇ ಸುಳ್ಳು, ಪೂರ್ತಿ ಹಿಂಡಿಕೊಂಡು ಖಾಲಿಯಾದ ಕುಕ್ಷಿಯಲ್ಲಿ ಕ್ಯಾತಿಟರ್ ಸಿಕ್ಕಿಕೊಂಡದ್ದರಿಂದ ಬಂದ ಅಂಕಿ ಅದು ಎಂದು ಮೈಕೆಲ್ ಕ್ರೈಲಿ 1965ರಲ್ಲಿ ವಾದಿಸಿದ ಮೇಲೆ ಜಗಳ ದಶಕಗಟ್ಟಲೆ ನಡೆಯಿತು.

ಜಗಳವನ್ನು ಬಹುಮಟ್ಟಿಗೆ ಬಗೆಹರಿಸಿದ್ದು ಎಕೋ. ಸದ್ದಿನ ಅಲೆಗಳಿಂದ ಹೃದಯವನ್ನು ನೋಡುವ ಈ ವಿದ್ಯೆಯನ್ನು ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ 1953ರಲ್ಲಿ ಆರಂಭಿಸಿದ್ದರು. 1960ರ ದಶಕದ ಕೊನೆಗೆ ಮೈಟ್ರಲ್ ಎಸಳು ಗೋಡೆಯತ್ತ ಸರಿಯುವುದು ಅದರಲ್ಲಿ ಕಂಡಿತು. ಅಡ್ಡಿ ನಿಜವೇ. ಅದರ ಜೊತೆಗೇ ಇನ್ನೊಂದು ಸಂಗತಿಯೂ ಹೊರಬಿತ್ತು: ರೋಗಿಗಳ ಅಣ್ಣತಮ್ಮ ಅಕ್ಕತಂಗಿಯರನ್ನು ಪರೀಕ್ಷಿಸಿದಾಗ ಯಾವ ಸದ್ದೂ ಇಲ್ಲದವರ ನಡುಗೋಡೆಯೂ ದಪ್ಪಗಿತ್ತು. ಕಿವಿಗೆ ಸಿಕ್ಕಿದ್ದು ಕಾಯಿಲೆಯ ಒಂದು ಪಾಲು ಮಾತ್ರ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಹೆಸರಿನಿಂದ ಅಡ್ಡಿಯನ್ನು ತೆಗೆದು, ದಪ್ಪವಾಗುವಿಕೆಯನ್ನು ಮಾತ್ರ ಉಳಿಸಿತು.

ಗ್ಲೆನ್ ಮಾರೋ ಈ ನಡುವೆ, ದಾರಿಗೆ ಅಡ್ಡವಾದ ನಡುಗೋಡೆಯ ಸ್ನಾಯುವನ್ನು ಮಹಾಪಧಮನಿಯ ಕವಾಟದ ಮೂಲಕವೇ ತಲುಪಿ ಕೊರೆದು ತೆಗೆಯುವ ವಿಧಾನವನ್ನು ರೂಪಿಸಿದ್ದರು. ಲಂಡನ್ನಿನಲ್ಲಿ ಕ್ಲೆಲ್ಯಾಂಡ್ ಕೂಡ ಅದೇ ಹಾದಿಯಲ್ಲಿದ್ದರು. ಶಸ್ತ್ರವೈದ್ಯರು ಇಂದಿಗೂ ಅದನ್ನು ಮಾರೋ ವಿಧಾನ ಎನ್ನುತ್ತಾರೆ. ಸ್ವತಃ ಮಾರೋ ಅವರಿಗೂ ಇದೇ ಕಾಯಿಲೆ ಇತ್ತು. 1982ರಲ್ಲಿ, ಅರವತ್ತರ ಆಸುಪಾಸಿನಲ್ಲಿ, ಅದರಿಂದಲೇ ತೀರಿಕೊಂಡರು.

ಹಾಸಿಗೆಯ ಪಕ್ಕದ ಪರೀಕ್ಷೆ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂಬುದನ್ನು ಒಬ್ಬರು ಕೂತು ಎಣಿಸಿದ್ದೂ ಇದೆ. 1988ರಲ್ಲಿ ಲೆಂಬೋ ಮತ್ತು ಜೊತೆಗಾರರು ಬೇರೆಬೇರೆ ಮರ್ಮರಗಳಿದ್ದ 50 ರೋಗಿಗಳ ಮೇಲೆ ಈ ಉಪಾಯಗಳನ್ನು ಪ್ರಯೋಗಿಸಿದರು. ಕುಕ್ಕರುಗಾಲಿನಿಂದ ಎದ್ದು ನಿಂತಾಗ ಮರ್ಮರ ಏರುವುದು ಸ್ನಾಯುರೋಗದವರಲ್ಲಿ 95% ಮಂದಿಯನ್ನು ಹಿಡಿಯಿತು. ವಾಲ್ಸಾಲ್ವಾ ತಿಣುಕು ಹಿಡಿದದ್ದು 65% ಮಂದಿಯನ್ನು, ಆದರೆ ಬೇರೆ ಕಾಯಿಲೆಯವರನ್ನು ತಪ್ಪಾಗಿ ಬೊಟ್ಟು ಮಾಡಿದ್ದು ತೀರ ಕಡಿಮೆ. ಇದನ್ನು ಓದುವಾಗ ನೆನಪಿಡಬೇಕಾದದ್ದು, ಇವರೆಲ್ಲ ಮರ್ಮರ ಇದ್ದವರೇ. 2006ರಲ್ಲಿ ಪ್ರಕಟವಾದ 320 ರೋಗಿಗಳ ಅಧ್ಯಯನದಲ್ಲಿ ಸುಮ್ಮನೆ ಕೂತಾಗಲೂ ಅಡ್ಡಿ ಇದ್ದವರು ಮೂರನೇ ಒಂದು ಪಾಲಿಗೆ ಸ್ವಲ್ಪ ಹೆಚ್ಚು. ವ್ಯಾಯಾಮ ಮಾಡಿದಾಗ ಮಾತ್ರ ಅಡ್ಡಿ ಹುಟ್ಟಿದವರು ಇನ್ನೊಂದು ಮೂರನೇ ಪಾಲು. ಉಳಿದವರಲ್ಲಿ ಎರಡೂ ಹೊತ್ತಿನಲ್ಲಿ ಅಡ್ಡಿಯಿಲ್ಲ. ಮಲಗಿಸಿಕೊಂಡು ಒಮ್ಮೆ ಸ್ಟೆತೋಸ್ಕೋಪ್ ಇಟ್ಟು ಎತ್ತಿಬಿಟ್ಟರೆ ಬಹುಪಾಲು ಜನ ಕೈತಪ್ಪುತ್ತಾರೆ ಎಂದೇ ಇದರ ಅರ್ಥ.

ಕಾಯಿಲೆ ಅಷ್ಟೇನೂ ವಿರಳವಲ್ಲ. ಅಮೆರಿಕದ ಯುವವಯಸ್ಕರನ್ನು ಎಕೋದಿಂದ ಪರೀಕ್ಷಿಸಿದ 1995ರ ವರದಿ ಸುಮಾರು 500ಕ್ಕೆ ಒಬ್ಬರಲ್ಲಿ ಅದು ಇದೆ ಎಂದಿತು. ಬಹಳಷ್ಟು ಜನ ಯಾವ ತೊಂದರೆಯೂ ಇಲ್ಲದೆ ಪೂರ್ಣ ಆಯುಸ್ಸು ಬಾಳುತ್ತಾರೆ. ಕೆಲವರು ಆಟದ ಮೈದಾನದಲ್ಲಿ ಕುಸಿಯುತ್ತಾರೆ. 2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್‌ನಲ್ಲಿ ಕೊಲಂಬಿಯಾ ವಿರುದ್ಧ ಆಡುತ್ತಿದ್ದಾಗ ಕುಸಿದು ಸತ್ತ ಕ್ಯಾಮರೂನಿನ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ ಅವರ ಶವಪರೀಕ್ಷೆಯಲ್ಲಿ ಸಿಕ್ಕಿದ್ದು ಟಿಯರ್ ವರ್ಣಿಸಿದ ಇದೇ ರೋಗ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಶಾಲಾ ಕಾಲೇಜು ಕ್ರೀಡಾಪಟುಗಳ ತಪಾಸಣೆಗೆ ಕೊಟ್ಟಿರುವ ಪಟ್ಟಿಯಲ್ಲಿ ಒಂದು ಅಂಶವಿದೆ: ಮರ್ಮರವನ್ನು ಮಲಗಿಸಿಯೂ ನಿಲ್ಲಿಸಿಯೂ ಕೇಳಬೇಕು, ಅಥವಾ ವಾಲ್ಸಾಲ್ವಾ ಮಾಡಿಸಬೇಕು. ಮನೆಯಲ್ಲಿ ಚಿಕ್ಕವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೇ ಎಂಬ ಪ್ರಶ್ನೆಯೂ ಅದೇ ಪಟ್ಟಿಯಲ್ಲಿದೆ, ಅದು ಸ್ಟೆತೋಸ್ಕೋಪಿಗಿಂತ ಹೆಚ್ಚು ಕೆಲಸ ಮಾಡುವ ದಿನಗಳೂ ಇರುತ್ತವೆ.

ಮನೆತನದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೆನಡಾದ ಕ್ವಿಬೆಕ್‌ನಲ್ಲಿ. 1961ರಲ್ಲಿ ಮಾಂಟ್ರಿಯಲ್ಲಿನ ಪಾರೇ ಮತ್ತಿತರರು ಫ್ರೆಂಚ್ ಮೂಲದ ದೊಡ್ಡ ಕುಟುಂಬವೊಂದರಲ್ಲಿ ಈ ಕಾಯಿಲೆ ತಲೆಮಾರುಗಳಿಂದ ಹರಿದು ಬಂದದ್ದನ್ನು ವಿವರಿಸಿದ್ದರು. ಅದೇ ಕುಟುಂಬದವರ ರಕ್ತದಿಂದ 1990ರಲ್ಲಿ, ಸ್ನಾಯುವಿನ ಎಳೆಗಳನ್ನು ಎಳೆಯುವ ಮಯೋಸಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ಒಂದು ಅಕ್ಷರ ಬದಲಾದದ್ದು ಪತ್ತೆಯಾಯಿತು. ಭಾರತದ ಪಾಲು ಸೇರಿದ್ದು 2009ರಲ್ಲಿ. ಹೈದರಾಬಾದಿನ ಸಿಸಿಎಂಬಿಯವರೂ ಇದ್ದ ಸಂಶೋಧಕರ ತಂಡ, ಮಯೋಸಿನ್‌ಗೆ ಅಂಟಿಕೊಂಡು ಕೆಲಸ ಮಾಡುವ ಇನ್ನೊಂದು ಪ್ರೋಟೀನಿನ ಜೀನ್‌ನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು ಭಾರತ ಉಪಖಂಡದ ಸುಮಾರು 4% ಜನರಲ್ಲಿದೆ ಎಂದು ನೇಚರ್ ಜೆನೆಟಿಕ್ಸ್‌ನಲ್ಲಿ ವರದಿ ಮಾಡಿತು. ಹೃದಯಸ್ನಾಯುವಿನ ಕಾಯಿಲೆ ಮತ್ತು ಹೃದಯ ಸೋಲುವಿಕೆಯ ಅಪಾಯವನ್ನು ಅದು ಹೆಚ್ಚಿಸುತ್ತದೆ ಎಂಬುದು ಅವರ ತೀರ್ಮಾನ. ಪತ್ರಿಕೆಗಳಲ್ಲಿ ಆಗ ಗಾಬರಿಯ ಶೀರ್ಷಿಕೆಗಳು ಬಂದವು. ನಂತರದ ಕೆಲಸಗಳು ಆ ಗಾಬರಿಯನ್ನು ತಗ್ಗಿಸಿವೆ: 25 ಅಕ್ಷರ ಇಲ್ಲದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದಿಲ್ಲ, ಜೊತೆಗೆ ಇನ್ನೇನು ಇದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಮಯೋಸಿನ್ ಗೊತ್ತಾದ ಮೇಲೆ ಅದನ್ನೇ ಗುರಿಯಿಟ್ಟ ಮಾತ್ರೆಯೂ ಬಂತು. ಸ್ನಾಯುವಿನ ಅತಿಯಾದ ಬಿಗಿತವನ್ನು ಸಡಿಲಿಸುವ ಮಾವಕ್ಯಾಮ್ಟೆನ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ತೆಗೆದುಕೊಳ್ಳುವವರು ನಿಗದಿತ ಕಾಲಕ್ಕೊಮ್ಮೆ ಎಕೋ ಮಾಡಿಸಿಕೊಳ್ಳಬೇಕು. ಆ ಅಳತೆಯ ಮೇಲೆ ಮಾತ್ರೆಯ ಪ್ರಮಾಣ ನಿಂತಿದೆ. ಕತ್ತಲ ಕೋಣೆಯಲ್ಲಿ ಎಡ ಮಗ್ಗುಲಾಗಿ ಮಲಗಿದ ರೋಗಿಯ ಎದೆಗೆ ಜೆಲ್ ಹಚ್ಚಿ, ಪರದೆ ನೋಡುತ್ತಾ ಅಳೆಯುವವರು ಒಂದು ಹಂತದಲ್ಲಿ ಹೇಳುತ್ತಾರೆ: ಉಸಿರು ಎಳೆದುಕೊಳ್ಳಿ, ಬಾಯಿ ಮುಚ್ಚಿ, ಈಗ ಬಲವಾಗಿ ತಿಣುಕಿ, ಬಿಡಬೇಡಿ.